ಕಲ್ಲಿನ ಸಾಲು, ರಾಡ್ಕಾಳ ವೋಲ್ಟು

ಮಾರ್ಚ್ 3, ಬೆಳಿಗ್ಗೆ

‘ಹೆಸರು ಹಿಡಿದು ಕರೆದರೆ ಕಲ್ಲೂ ಓಗೊಡುತ್ತದೆ.’ ಎಂದೋ ಓದಿದ ಪದ್ಯದ ಸಾಲು, ಹೀಗೇ ಇತ್ತೇ? ಕೊನೆಯ ಪದ ಅನುಮಾನ. ಅಲ್ಲದೆ ಕಲ್ಲು ಯಾಕೆ ಓಗೊಡಬೇಕು?

ಕಾಫಿ. ರಾಡ್ಕಾ ಬರೆದ ವಿವರಣೆಯ ನಾಲ್ಕನೇ ಆವೃತ್ತಿ ಬಂದಿದೆ. ಒಲೊಮೌಟ್ಸ್ ಊರಿನ ಹುಡುಗಿ, ಮುಖ ನೋಡಿಲ್ಲ. ಅಂಗೈಯಗಲದ ಸರ್ಕ್ಯೂಟ್ ಬೋರ್ಡ್, ಕಣ್ಣಿಲ್ಲದವರಿಗೆ ಪುಸ್ತಕ ಓದಿ ಹೇಳುವ ಯಂತ್ರಕ್ಕೆ. ತನ್ನ ಮೇಲೆ ಏನೇನಿದೆ ಎಂದು ಬೋರ್ಡ್ ತಾನಾಗಿ ಹೇಳಲಾರದು. ಯಾವ ಚಿಪ್ ಯಾವ ವಿಳಾಸದಲ್ಲಿ, ಎಷ್ಟು ವೋಲ್ಟಿನಲ್ಲಿ — ಕರ್ನಲ್‌ಗೆ, ಅಂದರೆ ಯಂತ್ರ ನಡೆಸುವ ಮೂಲ ತಂತ್ರಾಂಶಕ್ಕೆ, ಯಾರಾದರೂ ಬರೆದುಕೊಡಬೇಕು. ಅವಳು ಬರೆಯುತ್ತಾಳೆ, ನಾನು ತಿದ್ದುತ್ತೇನೆ. ಎಷ್ಟು ಚೊಕ್ಕ ಕೈ! ಒಂದು ಸಾಲೂ ಹೆಚ್ಚಿಲ್ಲ.

ಒಂದೇ ತಕರಾರು. ಧ್ವನಿ ಚಿಪ್‌ಗೆ 1.8 ವೋಲ್ಟ್ ಎಂದಿದ್ದಾಳೆ. ಬೋರ್ಡ್ ತಯಾರಿಸಿದವರ ನಕ್ಷೆಯಲ್ಲಿ 3.3. ಬರೆದು ಕಳಿಸಿದೆ.

ಮಾರ್ಚ್ 4

ಮೆಟ್ಟಿಲಲ್ಲಿ ಹಿನೆಕ್, ಪಕ್ಕದ ಮನೆಯವರು, ಕಣ್ಣು ಕಾಣದು. ಓದಿ ಹೇಳುತ್ತಿದ್ದ ತಂಗಿ ಒಸ್ತ್ರಾವಾಗೆ ಹೋದಮೇಲೆ ಅವರ ಪುಸ್ತಕಗಳೆಲ್ಲ ಮುಚ್ಚಿಕೊಂಡೇ ಇವೆ. ಮೊದಲ ಯಂತ್ರಗಳಲ್ಲಿ ಒಂದು ಅವರಿಗೆ ಬರಬೇಕು. ನಮ್ಮ ಒಪ್ಪಿಗೆ ಆದರೆ.

“ಏನ್ ಪಂಡಿತರೇ, ನನ್ ಯಂತ್ರ ಇನ್ನೂ ಮೂಗೀನಾ?”

“ಇನ್ನೊಂದು ಅನುಮಾನ ಇದೆ.”

“ನಿಮಗೆ ಯಾವತ್ತು ಇರಲಿಲ್ಲ ಹೇಳಿ!”

ಕಲ್ಲಿನ ಸಾಲು ಕೇಳಿದೆ. ಆ ಪದ್ಯವಿರುವ ಪುಸ್ತಕ ಅವರ ಕಪಾಟಿನಲ್ಲೇ ಇದೆಯಂತೆ. ನಾನೇ ಓದಿ ಹೇಳಲೇ ಎಂದೆ.

“ಬೇಡಮ್ಮಾ. ಸಾಲಿಗೊಂದ್ಸಲ ನಿಂತು ಯೋಚನೆ ಮಾಡ್ತೀರಿ. ಒಂದು ಪದ್ಯ ಮುಗಿಯೋಷ್ಟರಲ್ಲಿ ನನ್ ಆಯಸ್ಸೇ ಮುಗಿಯತ್ತೆ.”

ಮಾರ್ಚ್ 5

ರಾಡ್ಕಾಳ ಉತ್ತರ: ‘ಮೀಟರ್ ಇಟ್ಟು ಅಳೆದೆ. 1.8 ಇದೆ.’

ಅಳತೆ ಸಾಕ್ಷಿಯಲ್ಲ. ವೋಲ್ಟು ನಿಗದಿಯಾಗುವುದೇ ಅವಳ ಬರವಣಿಗೆಯಿಂದ. 1.8 ಕೊಡು ಎಂದರೆ 1.8 ಕೊಡುತ್ತದೆ. ತನ್ನ ಮಾತಿನ ಪ್ರತಿಧ್ವನಿಯನ್ನೇ ಅಳೆದಿದ್ದಾಳೆ. ನಾವೆಲ್ಲ ಒಮ್ಮೆಯಾದರೂ ಮಾಡುವ ತಪ್ಪು.

ಹಾಗೆಂದೇ ಬರೆದೆ. ನಕ್ಷೆಯಂತೆ 3.3 ಮಾಡಿದರೆ ನನ್ನ ಹೆಸರು ಹಾಕುತ್ತೇನೆ ಎಂದೆ. ‘ನೋಡಿ ಒಪ್ಪಿದ್ದೇನೆ’ ಎಂದು ಕೆಳಗೆ ಹೆಸರು ಬಿತ್ತೆಂದರೆ ಅದು ಅಲ್ಲೇ ಉಳಿಯುತ್ತದೆ, ನಾನು ಹೋದಮೇಲೂ. ಮುಂದಿನ ವಾರ ಈ ಬಾರಿಯ ಒಪ್ಪಿಗೆಯ ಸುತ್ತು ಮುಗಿಯುತ್ತದೆ. ತಪ್ಪಿದರೆ ಹಿನೆಕ್ ಬೇಸಿಗೆವರೆಗೆ ಕಾಯಬೇಕು.

ಮಾರ್ಚ್ 9

ನಾಲ್ಕು ದಿನ ಸದ್ದಿಲ್ಲ. ಮುನಿಸಿಕೊಂಡಳೆಂದುಕೊಂಡೆ...

ಇವತ್ತು ಫೋನೇ ಮಾಡಿದಳು. ಎಳೆಯ ದನಿ, ಮೂಗು ಕಟ್ಟಿತ್ತು.

“ಲಿಬುಶೆ ಅವರೇ, ನೀವ್ ಹೇಳಿದ್ದು ಸರಿ. ನನ್ ಅಳತೆ ಸಾಕ್ಷಿ ಅಲ್ಲ. ಅದಕ್ಕೇ ಮೇಲಿನ ತಗಡು ಕಿತ್ತು ಚಿಪ್ ಮೇಲಿನ ಅಕ್ಷರ ಓದಿದೆ.”

“ತಗಡು ಕಿತ್ತೆಯಾ? ನಿನ್ ಹತ್ರ ಇದ್ದಿದ್ದು ಅದೊಂದೇ ಬೋರ್ಡ್ ಅಲ್ವೇನಮ್ಮಾ?”

“ಹ್ಞೂಂ. ಆಮೇಲೆ ಅದು ಏಳ್ಲೇ ಇಲ್ಲ.” ನಕ್ಕಳು. “ಆದ್ರೆ ಅಕ್ಷರ ಸಿಕ್ತು. ಇದು ಬೇರೆ ಚಿಪ್. ತಯಾರಿಸಿದವರು ಚಿಪ್ ಬದಲಾಯಿಸಿದಾರೆ, ನಕ್ಷೆ ಬದಲಾಯಿಸಿಲ್ಲ. ಕೇಳಿದೆ, ಒಪ್ಕೊಂಡ್ರು. ಇದು 1.8ರದ್ದೇ. 3.3 ಕೊಟ್ಟಿದ್ರೆ ಸುಟ್ಟೇ ಹೋಗ್ತಿತ್ತು.”

ಅಂದರೆ ನನ್ನ ಮಾತು ಕೇಳಿದ್ದರೆ ಎಲ್ಲ ಯಂತ್ರಗಳೂ ಮೂಗಿ. ಕೆಳಗೆ ನನ್ನ ಹೆಸರು.

ಅವಳು ಸೋಲಲೂ ಇಲ್ಲ, ಗೆಲ್ಲಲೂ ಇಲ್ಲ. ನೋಡಿದಳು, ಅಷ್ಟೆ. ನಮ್ಮಲ್ಲಿ ಮೆಚ್ಚುಗೆ ಬರೆಯುವ ರೂಢಿಯಿಲ್ಲ. ತಕರಾರು ನಿಂತರೆ ಅದೇ ಮೆಚ್ಚುಗೆ. ಆದರೂ ಹೆಸರು ಹಾಕಿ, ಅದರ ಮೇಲೆ ಒಂದು ಸಾಲು ಸೇರಿಸಿದೆ: ‘ಇಷ್ಟು ಪ್ರಾಮಾಣಿಕ ವಿವರಣೆ ನಾನು ಓದಿಲ್ಲ.’ ನನ್ನ ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚದೇ ಇದ್ದ ಅದೇ ಬಗೆಯ ಬೋರ್ಡ್ ಅವಳಿಗೇ ಅಂಚೆಯಲ್ಲಿ ಕಳಿಸಿದೆ.

ಏಪ್ರಿಲ್ 26, ಸಂಜೆ

ನಿನ್ನೆ ಹಿನೆಕ್ ಮನೆಗೆ ಯಂತ್ರ ಬಂತು. ಗೋಡೆಯಾಚೆ ಒಂದೇ ಸಮ ದನಿ, ಉಸಿರು ತೆಗೆದುಕೊಳ್ಳದೆ. ಬೆಳಿಗ್ಗೆ ಗಸಗಸೆ ಬನ್ನು ಕೊಡಲು ಹೋದರೆ ಬಾಗಿಲು ತೆಗೆಯಲೇ ಇಲ್ಲ, ಮಹಾರಾಯರು.

ಈಗ ಬಾಗಿಲು ಬಡಿಯುತ್ತಿದ್ದಾರೆ. ಪೆನ್ನು ಹಿಡಿದೇ ಹೋಗಿ ತೆಗೆದೆ. ಒಳಗೂ ಬರಲಿಲ್ಲ. “ಕಲ್ಲು ಓಗೊಡೋದಲ್ವಂತೆ ಪಂಡಿತರೇ, ಕಾಯೋದಂತೆ! ಬನ್ನಿ, ಯಂತ್ರದ ಬಾಯಲ್ಲೇ ಕೇಳಿ —”