ಕೇಳಿದ್ದು ಬ್ಯಾರೆ, ಕೇಳಿದ್ದು ಬ್ಯಾರೆ

ಹರಪನಹಳ್ಳಿ
೧೨-೧೧-೨೦೨೫, ಬುಧವಾರ

ನನ್ನ ಅವ್ವಗ,

ಚಂದನಾ ಮಾಡುವ ನಮಸ್ಕಾರ. ಉಂಡೀನಿ, ಆರಾಮ ಅದೀನಿ ಅಂತ ಬರಿಯಾಕ ಕುಂತೆ, ಅದು ಸುಳ್ಳು. ಎರಡು ದಿನದಿಂದ ಅನ್ನ ಸೇರವಲ್ದು. ಫೋನ್ ಮಾಡಿದ್ರ ನಾನು ಮತ್ತ ಹೂಂ ಅಂದುಬಿಡ್ತೀನಿ. ಅದಕ್ಕ ಇದನ್ನ ಬರದು, ಮೆಕ್ಕಿಜೋಳ ಮಾರಾಕ ಬಂದ ಬೆನಕಪ್ಪ ಮಾವನ ಕೈಯಾಗ ಕೊಟ್ಟು ಕಳಸೀನಿ.

ಸೋಮವಾರ ಸಾಲ್ಯಾಗ ಏಳನೇ ಕ್ಲಾಸಿನ ಇಂಗ್ಲಿಷ್ ಪೇಪರ್ ತಿದ್ದಿದೆ. ಹಿಯರ್ ಬರಿಯೋ ಕಡೆ ಲಿಸನ್, ಆಸ್ಕ್ ಬರಿಯೋ ಕಡೆ ಹಿಯರ್ ಬರದಾವ ಹುಡುಗರು. ಒಬ್ಬಾಕಿಯಂತೂ ಟೀಚರ್ ನನಗ ಪ್ರಶ್ನೆ ಹಿಯರ್ ಮಾಡಿದ್ರು ಅಂತ ಬರದಾಳ. ಅವರದೇನು ತಪ್ಪು? ನಮಗ ಮೂರಕ್ಕೂ ಕೇಳೋದು ಅಂತ ಒಂದೇ ಮಾತು. ಕಿವಿಗೆ ತಾನಾಗಿ ಬಿದ್ದದ್ದು ಹಿಯರ್, ಮನಸ್ಸು ಕೊಟ್ಟು ಕೇಳಿದ್ದು ಲಿಸನ್, ಎದುರಿನವರ ಮನಸ್ಸಿನಾಗ ಏನೈತಿ ಅಂತ ವಿಚಾರಿಸಿದ್ದು ಆಸ್ಕ್ ಅಂತ ಬೋರ್ಡಿನ ಮ್ಯಾಲ ಬರದೆ. ಬರೀತಾ ಬರೀತಾ ಕೈ ನಿಂತುಬಿಡ್ತು.

ಹೋದ ವಾರ ನೀನು ಫೋನಿನಾಗ ಕೊಟ್ಟೂರಿನ ಸಂಜೀವ ಅನ್ನೋರ ಸಂಬಂಧ ಬಂದೈತಿ ಅಂದಿ. ಹುಡುಗ ಚಲೋ, ಮನಿ ಚಲೋ, ಮದುವಿ ಆದಮ್ಯಾಲ ಸಾಲಿಗೆ ಕಳಸಂಗಿಲ್ಲ ಅಂತಾರ ಅಂದಿ. ನಾನು ಹೂಂ, ಹೂಂ ಅಂದೆ. ಅದು ಕತಿ ಕೇಳೋರು ಹಾಕೋ ಹೂಂ, ಅವ್ವ. ನಿನ್ನ ಮಾತು ಕಿವಿಗೆ ಬೀಳಾಕ ಹತ್ತೈತಿ ಅನ್ನೋ ಹೂಂ. ನೀನು ಅಪ್ಪಗ, ಚಂದನಾನ್ನ ಕೇಳೀನಿ, ಹೂಂ ಅಂದಾಳ ಅಂದಿಯಂತ. ಈಗ ಐತವಾರ ನಿಶ್ಚಯ ಅಂತ ನಮ್ಮೂರು ತಂಬ್ರಹಳ್ಳಿ ತುಂಬ ಸುದ್ದಿ.

ನೀನು ಕೇಳಲಿಲ್ಲ, ಹೇಳಿದಿ. ನಿನ್ನ ಮ್ಯಾಲ ಸಿಟ್ಟು ಬಂದೈತಿ, ನನ್ನ ಮ್ಯಾಲ ಇನ್ನೂ ಜಾಸ್ತಿ. ನಲವತ್ತು ಹುಡುಗರನ್ನ ಗದರ್ಸೋ ಬಾಯಿ ನಿನ್ನ ಮುಂದ ಒಣಗ್ತೈತಿ. ಈಗ ಬರದೇ ಹೇಳ್ತೀನಿ, ಸಾಲಿ ಬಿಡಾಕ ಒಲ್ಲೆ, ಈ ಮದುವಿ ಒಲ್ಲೆ. ಅಪ್ಪ ಕುರಿಹಟ್ಟಿಯಿಂದ ಬಂದ ಕೂಡ್ಲೆ ಓದಿ ಹೇಳು. ಬೈಯ್ರಿ, ಬೈಸಿಕೊಂತೀನಿ. ನಿಶ್ಚಯ ಮಾತ್ರ ನಿಲ್ಲಸ್ರಿ.

ನಿನ್ನ ಮಾತು ಮೀರಲಾರದೆ ಮೀರಿದ ಮಗಳು,
ಚಂದನಾ

ತಾ.ಕ.: ನಿನ್ನೆ ಸಂಜೀವ ಅವರಿಗೆ ಫೋನ್ ಮಾಡಿ ಒಲ್ಲೆ ಅಂದುಬಿಟ್ಟೀನಿ. ನಿನ್ನ ಕೇಳಿ ಮಾಡಬೇಕಿತ್ತು, ಕೇಳಲಿಲ್ಲ. ಅವರು, ನನ್ನೂ ಯಾರೂ ಕೇಳಿಲ್ರಿ ಅಂದ್ರು.