ಹದಿನೇಳನೇ ನಂಬರಿನ ಕೈ

ಮಾನ್ಯ ಸಂಶೋಧನಾ ನಿರ್ದೇಶಕರೇ,

ಮೊದಲು ಕ್ಷಮೆ ಕೇಳುತ್ತೇನೆ. ಕಾಲೇಜು ಸೇರಿ ಏಳು ತಿಂಗಳಾದ ಹುಡುಗಿಯೊಬ್ಬಳು ತಮ್ಮಂಥವರಿಗೆ ಪತ್ರಿಕೆಯಲ್ಲಿ ಪತ್ರ ಬರೆಯುವುದು ಅಧಿಕಪ್ರಸಂಗ ಎಂದು ಗೊತ್ತು. ಮೂರು ಇ-ಮೇಲ್ ಕಳಿಸಿದೆ. ಮೂರಕ್ಕೂ ‘ನಿಮ್ಮ ಸಂದೇಶ ನಮಗೆ ಅಮೂಲ್ಯ’ ಎಂಬ ಉತ್ತರ ನಿಮಿಷದೊಳಗೆ ಬಂತು. ಅದನ್ನು ಬರೆದದ್ದು ಮನುಷ್ಯರಲ್ಲ ಎಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು. ವಿಷಯ ಇಷ್ಟೇ. ಕಾಪುವಿನಿಂದ ಪಡುಬಿದ್ರಿಯವರೆಗಿನ ಕಡಲತಡಿಯಲ್ಲಿ ಎಲ್ಲೋ ಒಬ್ಬ ಹೆಂಗಸಿನ ಬೆರಳುಗಳಿಗೆ ಬಿಸಿ ಗೊತ್ತಾಗುತ್ತಿಲ್ಲ. ಅವರು ಅದನ್ನು ನಮ್ಮ ವಿಶ್ವವಿದ್ಯಾಲಯಕ್ಕೆ ಹೇಳಿದ್ದಾರೆ. ಹೇಳಿ, ನಾವು ಕರೆಯುತ್ತೇವೆಂದು ಎಂಟು ತಿಂಗಳಿನಿಂದ ಕಾಯುತ್ತಿದ್ದಾರೆ. ಅವರ ಹೆಸರು ನಿಮ್ಮ ಕಚೇರಿಯ ಕಪಾಟಿನಲ್ಲಿದೆ. ಈ ತಿಂಗಳ ಮೂವತ್ತಕ್ಕೆ ನೀವು ಆ ಹೆಸರನ್ನು ಯಂತ್ರಕ್ಕೆ ಹಾಕಿ ಚೂರು ಮಾಡಿಸುತ್ತೀರಿ.

ನನ್ನ ಕನ್ನಡ ಹಾಸ್ಟೆಲಿನ ಕನ್ನಡ. ಅಪ್ಪ ಅಮ್ಮ ಮಸ್ಕತ್ತಿನಲ್ಲಿದ್ದಾರೆ, ಐದನೇ ಕ್ಲಾಸಿನಿಂದ ನಾನು ಕಾರ್ಕಳದ ಇಂಗ್ಲಿಷ್ ಮೀಡಿಯಂ ಹಾಸ್ಟೆಲಿನಲ್ಲಿ ಬೆಳೆದೆ. ಅರ್ಧ ವಾಕ್ಯ ತಲೆಯಲ್ಲಿ ಇಂಗ್ಲಿಷಿನಲ್ಲೇ ಹುಟ್ಟುತ್ತದೆ. ತುಳು ಮಾತ್ರ ಫೋನಿನಲ್ಲಿ ಅಮ್ಮನೊಟ್ಟಿಗೆ ಉಳಿದುಕೊಂಡಿದೆ. ಆ ತುಳುವಿನಿಂದಲೇ ನನಗೆ ಕಲಾ ವಿಭಾಗದಲ್ಲಿ ಒಂದು ಕೆಲಸ ಸಿಕ್ಕಿತು. ಮೀನುಗಾರ ಹೆಂಗಸರ ಕೆಲಸದ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡು ಬಂದಿದ್ದರು. ಕೇಳಿ ಬರೆದು ಕೊಡುವವರು ಬೇಕಿತ್ತು. ಸರ್ಟಿಫಿಕೇಟ್ ಕೊಡುತ್ತೇವೆ ಎಂದರು. ಖುಷಿಯಿಂದ ಒಪ್ಪಿದೆ. ನಿಯಮ ಸರಳವಾಗಿತ್ತು: ಹಾಡು ಇಟ್ಟುಕೊಳ್ಳಬೇಕು, ನಡುವಿನ ‘ಅಪ್ರಸ್ತುತ ಮಾತು’ ಕತ್ತರಿಸಬೇಕು. ಹಾಡಿದವರಿಗೆ ಹೆಸರಿಲ್ಲ, ನಂಬರು ಮಾತ್ರ.

ಹದಿನೇಳನೇ ನಂಬರಿನವರು ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ. ರೆಕಾರ್ಡ್ ಮಾಡುತ್ತಿದ್ದ ಉಜ್ವಲ್ ಸರ್ ಹತ್ತಿರ ಮಾತಿಗೆ ತೊಡಗುತ್ತಾರೆ. ಅವರ ತುಳುವನ್ನು ನನಗೆ ಬಂದ ಹಾಗೆ ಕನ್ನಡ ಮಾಡಿದ್ದೇನೆ:

‘ಹಾಡು ಇರಲಿ ಮಗಾ. ಈ ಮೂರು ಬೆರಳಿಗೆ ಬಿಸಿಯೇ ಗೊತ್ತಾಗುವುದಿಲ್ಲ. ಮೊನ್ನೆ ಕಾದ ಕಾವಲಿ ಹಿಡಿದಿದ್ದೇನೆ, ಸುಟ್ಟ ವಾಸನೆ ಬಂತು, ಎಂತ ಅಂತ ನೋಡಿದರೆ ನನ್ನದೇ ಕೈ! ನಿಮ್ಮ ಕಾಲೇಜಿನವರು ಮೊದಲೂ ಬಂದಿದ್ದರು, ಕೈಯ ಚರ್ಮ ನೋಡುವವರು. ಅರವತ್ತು ದಾಟಿದವರು ಬೇಡ ಅಂದರು. ಮತ್ತೆ ಕತ್ತಿಗೆ ಹಿಡಿ ಮಾಡುವವರು ಬಂದು ಗಡಿಯಾರದ ಹಾಗೆ ಮುಳ್ಳಿರುವ ಎಂತದೋ ಹಿಂಡಲಿಕ್ಕೆ ಕೊಟ್ಟರು. ನಾನು ಹಿಂಡಿದರೆ ಅದರ ಮುಳ್ಳು ಏಳುವುದೇ ಇಲ್ಲ ಮಾರಾಯ. ಅವರಿಗೂ ಹೇಳಿದ್ದೇನೆ, ನೀನೂ ಒಂದು ಮಾತು ಹೇಳು. ಆಸ್ಪತ್ರೆಯಿಂದ ಕರೆದರೆ ಬರುತ್ತೇನೆ. ಬಸ್ಸು ಉಂಟಲ್ಲ.’

‘ಆಯ್ತು, ಹೇಳ್ತೇನೆ,’ ಎನ್ನುತ್ತಾರೆ ಉಜ್ವಲ್ ಸರ್. ‘ಆ ಎರಡನೇ ಸಾಲು ಇನ್ನೊಮ್ಮೆ ಹೇಳ್ತೀರಾ?’

ಅವರು ಹೇಳುತ್ತಾರೆ. ಎಷ್ಟು ಚಂದ ಹೇಳುತ್ತಾರೆ ಎಂದರೆ, ನಾನು ಆ ಐವತ್ತೆರಡು ಸೆಕೆಂಡ್ ಮಾತನ್ನು ಕತ್ತರಿಸಿ ಹಾಡಿನ ಎರಡು ತುದಿ ಜೋಡಿಸಿದೆ. ಜೋಡಿಸಿದ ಗುರುತೂ ಕೇಳುವುದಿಲ್ಲ. ‘ನೀಟ್ ವರ್ಕ್’ ಎಂದು ಕಲಾ ವಿಭಾಗದ ಮೇಡಂ ಹೊಗಳಿದರು. ಹೌದು ಮಾನ್ಯರೇ, ಕತ್ತರಿಸಿದ್ದು ನಾನೇ.

ನಾಲ್ಕು ದಿನದ ಮೇಲೆ ಹಾಸ್ಟೆಲ್ ಮೆಸ್ಸಿನಲ್ಲಿ ನನ್ನ ರೂಮ್‌ಮೇಟ್, ನರ್ಸಿಂಗ್ ಓದುವ ರೇಚಲ್, ಇಡ್ಲಿ ತಿನ್ನುತ್ತಾ ನೋಟ್ಸ್ ಉರು ಹೊಡೆಯುತ್ತಿದ್ದಳು. ‘ಬಿಸಿ ತಿಳಿಯದಿರುವುದು, ನೋವಿಲ್ಲದ ಸುಟ್ಟಗಾಯ, ಹಿಡಿತ ಸಡಿಲವಾಗುವುದು...’ ನನ್ನ ಕೈಯ ಲೋಟ ಹಾಗೇ ನಿಂತಿತು.

‘ಎಂತ ಹಾಗೆ ನೋಡುವುದು? ಎಕ್ಸಾಮ್ ನನಗೆ, ನಿನಗಲ್ಲ ಮಾರಾಯ್ತಿ.’

ಹೇಳಿದೆ. ಅವಳು ಪುಸ್ತಕ ಮುಚ್ಚಿದಳು. ಸಕ್ಕರೆ ಕಾಯಿಲೆ ಇರಬಹುದು, ನರದ್ದಿರಬಹುದು, ಬೇರೆ ಏನಾದರೂ ಇರಬಹುದು. ಬೇಗ ನೋಡಿದರೆ ಬೆರಳು ಉಳಿಯುತ್ತದೆ, ತಡವಾದರೆ ಹೇಳಲಿಕ್ಕೆ ಆಗುವುದಿಲ್ಲ ಎಂದಳು. ‘ಅವರು ಯಾರು?’ ಎಂದು ಕೇಳಿದಳು. ‘ಹದಿನೇಳು’ ಎಂದೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ.

ಮಾನ್ಯರೇ, ನಮ್ಮ ಪ್ರವೇಶ ಪುಸ್ತಿಕೆಯ ಮೂರನೇ ಪುಟದಲ್ಲಿ ತಮ್ಮ ಸಂದೇಶವಿದೆ. ವೈದ್ಯಕೀಯ, ವಿನ್ಯಾಸ, ಕಲೆ ಎಲ್ಲವೂ ‘ಒಂದೇ ಸೂರಿನಡಿ’ ಎಂದು ಬರೆದಿದ್ದೀರಿ. ಅದನ್ನು ಓದಿಯೇ ನಾನು ಇಲ್ಲಿಗೆ ಸೇರಿದ್ದು. ಸೂರು ಒಂದೇ ಎಂಬುದಕ್ಕೆ ನನ್ನ ತಕರಾರಿಲ್ಲ. ಅದೇ ಸೂರಿನಡಿಯ ಲೈಬ್ರರಿಯಲ್ಲಿ ಕೂತು ಮೂರೂ ವರದಿ ಓದಿದೆ. ಮೀನುಗಾರ ಹೆಂಗಸರ ಕೈಯ ಚರ್ಮಕ್ಕೆ ಉಪ್ಪು, ಐಸು ಏನು ಮಾಡುತ್ತದೆ ಎಂದು ವೈದ್ಯಕೀಯ ವಿಭಾಗ ಅಧ್ಯಯನ ಮಾಡಿದೆ. ವಯೋಮಿತಿ ಹದಿನೆಂಟರಿಂದ ಅರವತ್ತು. ಮೀನು ಕತ್ತರಿಸುವ ಕತ್ತಿಗೆ ಹೊಸ ಹಿಡಿ ಮಾಡಲು ವಿನ್ಯಾಸ ವಿಭಾಗ ಕೈಯ ಬಲ ಅಳೆದಿದೆ. ‘ಒಬ್ಬರ ಹಿಡಿತ ಉಳಿದವರಿಗಿಂತ ತೀರಾ ಭಿನ್ನವಾದ ಕಾರಣ ಸರಾಸರಿಯಿಂದ ಕೈಬಿಡಲಾಗಿದೆ.’ ಕಲಾ ವಿಭಾಗದಲ್ಲಿ ನಾನಿದ್ದೆ. ಕೈಯ ಬಗ್ಗೆ ಇಷ್ಟು ವೈವಿಧ್ಯಮಯ ಸಂಶೋಧನೆ ಬೇರೆಲ್ಲಿ ನಡೆದೀತು? ಒಬ್ಬರಿಗೆ ವಯಸ್ಸು ಹೆಚ್ಚಾಯಿತು, ಒಬ್ಬರಿಗೆ ಲೆಕ್ಕ ತಪ್ಪಿತು, ಒಬ್ಬಳಿಗೆ ಹಾಡಿನ ನಡುವೆ ಅಡ್ಡಿಯಾಯಿತು. ಮೂರು ವಿಭಾಗಗಳೂ ಒಮ್ಮತದಿಂದ ಬಿಟ್ಟದ್ದು ಆ ಒಂದೇ ಕೈಯನ್ನು.

ಅವರು ಯಾಕೆ ತಾವೇ ಆಸ್ಪತ್ರೆಗೆ ಹೋಗಲಿಲ್ಲ ಎಂದು ತಾವು ಕೇಳಬಹುದು. ಹೋಗಿಯಾಗಿದೆ ಎಂದೇ ಅವರು ತಿಳಿದಿದ್ದಾರೆ! ನಮಗೆ ಮೂರು ವಿಭಾಗ, ಮೂರು ಕಟ್ಟಡ, ಮೂರು ಒಪ್ಪಿಗೆ ಪತ್ರ. ಅವರಿಗೆ ನಾವೆಲ್ಲ ‘ಕಾಲೇಜಿನವರು’. ಕುತ್ತಿಗೆಯಲ್ಲಿ ಅದೇ ಗುರುತುಪಟ್ಟಿ, ಕೈಯಲ್ಲಿ ಅದೇ ಫೈಲು. ಕಾಲೇಜಿಗೆ ಆಸ್ಪತ್ರೆಯುಂಟು, ಕಾಲೇಜಿನವರು ಬರೆದುಕೊಂಡು ಹೋಗಿದ್ದಾರೆ, ಮತ್ತೆ ಇನ್ನೆಲ್ಲಿ ಹೇಳಬೇಕು? ತಮ್ಮ ಪುಸ್ತಿಕೆಯನ್ನು ಓದದೆಯೇ ಅದರ ಮೂರನೇ ಪುಟವನ್ನು ನಂಬಿದವರು ಅವರೊಬ್ಬರೇ.

ಉಜ್ವಲ್ ಸರ್ ಕೆಟ್ಟವರಲ್ಲ. ಕೇಳಿದಾಗ ತಲೆ ಹಿಡಿದು ಕೂತರು. ‘ಆ ದಿನ ಹನ್ನೊಂದು ಮನೆ ಮಾಡಿದ್ದೆ. ಮುಖವೇ ನೆನಪಾಗುವುದಿಲ್ಲ. ಹೆಸರಿನ ಪಟ್ಟಿ ಸೀಲ್ ಮಾಡಿ ಆಫೀಸಿಗೆ ಕೊಟ್ಟಾಗಿದೆ.’ ನಿಮ್ಮ ಆಫೀಸಿಗೆ ಬಂದೆ. ಗುಮಾಸ್ತರಾದ ಕರುಣಾಕರಣ್ಣ ಕುರ್ಚಿ ಕೊಟ್ಟು ಕೂರಿಸಿದರು.

‘ಕಪಾಟು ಇದೇ. ಬೀಗದ ಕೈಯೂ ನನ್ನ ಹತ್ತಿರವೇ ಉಂಟು. ಆರ್ಡರ್ ಇಲ್ಲ ಮಗಳೇ. ಅವರು ಒಪ್ಪಿಗೆ ಕೊಟ್ಟದ್ದು ಹಾಡಿಗೆ, ನೀನು ಕೇಳುವುದು ಆರೋಗ್ಯ. ಕಮಿಟಿ ಆಗಬೇಕು.’

‘ಕಮಿಟಿ ಯಾವಾಗ?’

‘ಮುಂದಿನ ತಿಂಗಳು ಹತ್ತಕ್ಕೆ.’

‘ಪಟ್ಟಿ ಮೂವತ್ತಕ್ಕೆ ಚೂರಾಗುತ್ತದಲ್ಲ?’

ಅವರು ನಿಯಮದ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಪ್ರಾಜೆಕ್ಟ್ ಮುಗಿದರೆ ಹೆಸರು ಉಳಿಯಬಾರದು, ಅದು ನಿಯಮ.

ಶನಿವಾರ ನಾನೇ ಹೊರಟೆ. ಉಡುಪಿಯಲ್ಲಿ ಬಸ್ಸು ಬದಲಿಸಿ ಕಾಪುವಿನಲ್ಲಿ ಇಳಿದು ಕೇಳಿದೆ, ಎರ್ಮಾಳಿನಲ್ಲಿ ಇಳಿದು ಕೇಳಿದೆ. ರೆಕಾರ್ಡಿಂಗ್ ಹೊರಗೆ ತರುವ ಹಾಗಿಲ್ಲ, ಹಾಗಾಗಿ ನನ್ನ ಕೆಟ್ಟ ದನಿಯಲ್ಲಿ ಆ ಸಾಲು ಹಾಡಿದೆ. ಎರ್ಮಾಳಿನಲ್ಲಿ ಮೀನು ಒಣಗಿಸುತ್ತಿದ್ದ ಸುಂದರಕ್ಕ ಎಂಬವರು ನಕ್ಕೇಬಿಟ್ಟರು. ‘ಇದನ್ನು ಇಲ್ಲಿ ಯಾರು ಹೇಳುವುದಿಲ್ಲ? ನೀನು ಮಾತ್ರ ಸರಿಯಾಗಿ ಹೇಳುವುದಿಲ್ಲ.’ ಕೈಯ ವಿಷಯ ಎತ್ತಿದೆ. ‘ಕೈ ಸರಿ ಇಲ್ಲದವರು ಎಷ್ಟು ಬೇಕು ನಿನಗೆ? ನೀನೂ ಕಾಲೇಜಿನವಳಾ? ಬರೆದುಕೊಂಡು ಹೋಗುವವರು ತುಂಬ ಜನ ಬರ್ತಾರೆ. ಬರೆದದ್ದನ್ನು ವಾಪಸ್ ತಂದವರನ್ನು ನಾನು ನೋಡಲಿಲ್ಲ.’ ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ನೀರು ಕೊಟ್ಟರು. ಸಂಜೆಯವರೆಗೆ ಎಷ್ಟು ಕೈ ನೋಡಿದೆನೋ. ಹದಿನೇಳು ಸಿಗಲಿಲ್ಲ.

ಗುಟ್ಟು ಕಾಪಾಡುವ ನಿಯಮ ಅವರ ಒಳ್ಳೆಯದಕ್ಕೇ ಮಾಡಿದ್ದು ಎಂದು ನನಗೂ ಕಲಿಸಿದ್ದಾರೆ. ಆದರೆ ಗುಟ್ಟು ಯಾರದ್ದು ಮಾನ್ಯರೇ? ‘ನೀನೂ ಒಂದು ಮಾತು ಹೇಳು’ ಎಂದು ಕೇಳಿಕೊಂಡವರ ಮಾತನ್ನು ಯಾರಿಗೂ ಹೇಳದೆ ಇಟ್ಟುಕೊಳ್ಳುವುದು ಯಾರ ರಕ್ಷಣೆ? ಅವರ ಮಾತನ್ನು ಇಲ್ಲಿ ಬರೆದು ನಾನು ನಿಯಮ ಮುರಿದಿದ್ದೇನೆ. ಸರ್ಟಿಫಿಕೇಟ್ ಬೇಡ. ಸಸ್ಪೆಂಡ್ ಮಾಡುವುದಾದರೆ ಮಾಡಿ. ಮಸ್ಕತ್ತಿಗೆ ಫೋನ್ ಮಾಡಿ ಏನು ಹೇಳಬೇಕೆಂದು ಇನ್ನೂ ಗೊತ್ತಿಲ್ಲ. ಆದರೆ ಮೊದಲು ಕಪಾಟು ತೆಗೆಯಿರಿ. ಹೆಸರನ್ನು ನನಗೆ ಹೇಳಬೇಡಿ. ತಮ್ಮ ವೈದ್ಯರೊಬ್ಬರಿಗೆ ಹೇಳಿ, ಆ ಮನೆಗೆ ಕಳಿಸಿ. ಅಷ್ಟೇ ಬೇಡಿಕೆ.

ಈ ಪತ್ರವನ್ನು ಕನ್ನಡದಲ್ಲಿ ಬರೆಯಲು ಇನ್ನೊಂದು ಕಾರಣವಿದೆ. ತಾವು ಓದದಿದ್ದರೂ ಆ ಮನೆಯಲ್ಲಿ ಯಾರಾದರೂ ಓದಬಹುದು. ನಿಮ್ಮ ಮನೆಯಲ್ಲಿ ಅರವತ್ತು ದಾಟಿದ, ಚಂದ ಹಾಡುವ, ಬಿಸಿ ಕಾವಲಿ ಹಿಡಿದರೂ ಗೊತ್ತಾಗದ ಅಮ್ಮನೋ ಅಜ್ಜಿಯೋ ಇದ್ದರೆ, ಇದನ್ನು ಅವರಿಗೆ ಓದಿ ಹೇಳಿ. ಕಾಲೇಜಿನವರು ಕರೆಯುತ್ತಾರೆಂದು ಕಾಯಬೇಡಿ. ಹತ್ತಿರದ ಯಾವ ಆಸ್ಪತ್ರೆಗಾದರೂ ನಾಳೆಯೇ ಕರೆದುಕೊಂಡು ಹೋಗಿ.

ಮಾನ್ಯರೇ, ಇವತ್ತು ಇಪ್ಪತ್ತಮೂರು. ದಯವಿಟ್ಟು ಬೇಗ ಉತ್ತರ ಕೊಡಿ.

ಇಂತಿ,
ಐವತ್ತೆರಡು ಸೆಕೆಂಡ್ ಕತ್ತರಿಸಿದವಳು,
ಭವ್ಯಶ್ರೀ, ಪ್ರಥಮ ಬಿ.ಎ.