ಹದಿನೆಂಟು ಕುದುರೆ, ಒಂದು ‘ಬಿಡಿ’

ಹೋಟೆಲಿನ ನಾಲ್ಕನೆಯ ಮಹಡಿ, ಲಿಫ್ಟ್ ಕೆಟ್ಟಿದೆ
ಶುಕ್ರವಾರ, ಸಂಜೆ ಚಹಾದ ಹೊತ್ತು

ಪ್ರೀತಿಯ ಕನ್ನಡಕದಮ್ಮನಿಗೆ,

ಹೇಗಿದ್ದೀಯ? ಕತ್ತುನೋವು ಕಡಿಮೆಯಾಯಿತಾ? ಆ ಸಾಸಿವೆಯಷ್ಟು ತಿರುಪುಗಳ ಮೇಲೆ ದಿನವಿಡೀ ಬಗ್ಗಿ ಕೂತರೆ ಕತ್ತು ಹಿಡಿಯದೆ ಇನ್ನೇನಾಗುತ್ತದೆ ಎಂದು ಬೈಯಲು ನಾನು ಪಕ್ಕದಲ್ಲಿಲ್ಲ, ಅದಕ್ಕೇ ಬರೆದು ಬೈಯುತ್ತಿದ್ದೇನೆ. ಅತ್ತೆಯವರ ಮಂಡಿ ಹೇಗಿದೆ? ನಮ್ಮ ಚಿನಕುರಳಿ ಅಲುಗಾಡುತ್ತಿದ್ದ ಹಲ್ಲನ್ನು ಕಿತ್ತುಕೊಂಡಳೋ, ಇನ್ನೂ ನಾಲಿಗೆಯಲ್ಲಿ ಆಡಿಸುತ್ತಾ ಕೂತಿದ್ದಾಳೋ? ಬಿದ್ದರೆ ಎತ್ತಿಡು, ನಾನು ನೋಡಬೇಕು. ಅಂಗಡಿಗೆ ಜನ ಬರುತ್ತಿದ್ದಾರಾ? ಬೋರ್ಡಿನ ಮೇಲೆ ಬರೆದ ಎರಡು ಕಣ್ಣುಗಳಲ್ಲಿ ಒಂದು ಮೆಳ್ಳೆಗಣ್ಣಾಗಿತ್ತಲ್ಲ, ಪೇಂಟರ್ ಬಂದು ಸರಿ ಮಾಡಿದನಾ? ಕನ್ನಡಕದ ಅಂಗಡಿಯ ಬೋರ್ಡೇ ಪಕ್ಕದ ಬೇಕರಿಯನ್ನು ನೋಡುತ್ತಿದ್ದರೆ ಗಿರಾಕಿಗಳೂ ಅಲ್ಲಿಗೇ ಹೋಗುತ್ತಾರೆ.

ಫೋನು ಇರುವಾಗ ಇದೇನು ಕಾಗದ ಎಂದು ಮೂಗು ಮುರಿಯಬೇಡ. ಫೋನಿನಲ್ಲಿ ನಾನು ‘ಹಲೋ’ ಅನ್ನುವುದರೊಳಗೆ ಚಿನಕುರಳಿ ಅದನ್ನು ಕಿತ್ತುಕೊಂಡು ಬೆಕ್ಕಿನ ಸಮಾಚಾರ ಶುರು ಮಾಡುತ್ತಾಳೆ. ಅವಳು ಮುಗಿಸುವ ಹೊತ್ತಿಗೆ ನಿನಗೆ ಗಿರಾಕಿ ಬಂದಿರುತ್ತಾರೆ. ಕಾಗದವಾದರೆ ಪೂರ್ತಿ ನನ್ನದೇ ಮಾತು, ನಡುವೆ ಬಾಯಿ ಹಾಕುವವರಿಲ್ಲ. ನನ್ನ ತರಬೇತಿಯ ಜೊತೆಗಾರ ಇವತ್ತು ಊರಿಗೆ ಹೊರಟಿದ್ದಾರೆ, ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಅಕ್ಕನ ಮನೆ. ಅವರ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ.

ಮೊದಲು ಮುಖ್ಯ ವಿಷಯ. ತರಬೇತಿ ಮುಗಿದ ಮೇಲೆ ಯಾವ ಊರಿನಿಂದ ಹಾರುತ್ತೀರಿ ಎಂದು ಸೋಮವಾರ ಹೇಳಬೇಕಂತೆ. ಒಮ್ಮೆ ಹೇಳಿದರೆ ಮುಗಿಯಿತು, ಬದಲಾಯಿಸುವಂತಿಲ್ಲ. ದೂರದ ಊರಾದರೆ ದೊಡ್ಡ ವಿಮಾನ, ಆದರೆ ಸಂಸಾರ ಸಮೇತ ಗಂಟುಮೂಟೆ ಕಟ್ಟಬೇಕು. ನಮ್ಮೂರ ಹತ್ತಿರದ್ದಾದರೆ ಸಣ್ಣ ವಿಮಾನ, ನಿನ್ನ ಅಂಗಡಿ ಇದ್ದಲ್ಲೇ ಇರುತ್ತದೆ. ಇದನ್ನೆಲ್ಲ ನಾನು ಹೊರಡುವ ಮೊದಲೇ ಅಂಗಡಿಯಲ್ಲಿ ನಿಂತು ಮಾತಾಡಿ ಮುಗಿಸಿದ್ದೇವಲ್ಲ, ನೀನೂ ‘ಬಿಡಿ’ ಎಂದು ಒಪ್ಪಿದ್ದೀಯ. ಹಾಗಾಗಿ ಸೋಮವಾರ ದೂರದ ಊರನ್ನೇ ಹೇಳುತ್ತೇನೆ. ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂದು ಇಲ್ಲಿ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೇನೆ.

ಇನ್ನು ಇಲ್ಲಿಯ ರಾಮಾಯಣ ಕೇಳು. ಬರುವ ಮೊದಲು ನಾನೇನೋ ಬಂದ ದಿನವೇ ವಿಮಾನ ಹತ್ತಿಸುತ್ತಾರೆ ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ವಿಮಾನದ ಮುಖ ಕಂಡದ್ದು ಗೋಡೆಯ ಮೇಲೆ. ಕಾಕ್‌ಪಿಟ್ಟಿನ ದೊಡ್ಡದೊಂದು ಚಿತ್ರ ಕೊಟ್ಟಿದ್ದಾರೆ, ಅದನ್ನು ರೂಮಿನ ಗೋಡೆಗೆ ಅಂಟಿಸಿ, ಮುಂದೆ ಕುರ್ಚಿ ಹಾಕಿಕೊಂಡು, ಕಾಗದದ ಗುಂಡಿಗಳನ್ನು ಸರಿಯಾದ ಕ್ರಮದಲ್ಲಿ ಒತ್ತುವುದೇ ಹೋಂವರ್ಕ್. ನಾನು ಗೋಡೆಗೆ ಬೆರಳಿಟ್ಟು ‘ಎಡ ಎಂಜಿನ್ನಿಗೆ ಬೆಂಕಿ’ ಎಂದು ಗಂಭೀರವಾಗಿ ಹೇಳುತ್ತಿದ್ದಾಗ ರೂಮು ಗುಡಿಸುವ ಹೆಂಗಸು ಒಳಗೆ ಬಂದಳು. ನನ್ನನ್ನು ನೋಡಿದಳು, ಗೋಡೆಯನ್ನು ನೋಡಿದಳು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು. ಅಂದಿನಿಂದ ಟವೆಲ್ಲುಗಳು ಬಾಗಿಲ ಹೊರಗೇ ಸಿಗುತ್ತಿವೆ.

ತರಗತಿಯಲ್ಲಿ ನನ್ನ ಪಕ್ಕ ಕೂರುವವರೆಲ್ಲ ಮೀಸೆ ಚಿಗುರುತ್ತಿರುವವರು. ಒಂದು ಸಲ ಓದಿದರೆ ಅವರ ತಲೆಯಲ್ಲಿ ಕೂರುತ್ತದೆ, ನನ್ನ ತಲೆಯಲ್ಲಿ ಬಂದು ನಿಂತು, ಜಾಗ ಇಲ್ಲವೆಂದು ವಾಪಸು ಹೋಗುತ್ತದೆ. ಅತ್ತೆಯವರಿಗೆ ಹೇಳು, ‘ನಮ್ಮ ಅಳಿಯಂದ್ರು ಆಕಾಶದಲ್ಲಿ ಲಾರಿ ಓಡಿಸ್ತಾರೆ’ ಎಂದು ಅವರು ಬೀದಿಗೆಲ್ಲ ಸಾರಿದ್ದು ಅಕ್ಷರಶಃ ನಿಜ. ಯಾವ ಸರಕನ್ನು ಮುಂದೆ ಇಡಬೇಕು, ಯಾವುದನ್ನು ಹಿಂದೆ, ಕೋಳಿಮರಿಗಳ ಪೆಟ್ಟಿಗೆಗೆ ಎಷ್ಟು ಗಾಳಿ ಬೇಕು, ಕುದುರೆಗಳಿದ್ದರೆ ತಿರುವು ಎಷ್ಟು ಮೆತ್ತಗಿರಬೇಕು, ಇದೇ ಪಾಠ. ಗಗನಸಖಿಯರಿಲ್ಲ, ಊಟ ನಾವೇ ಬಿಸಿ ಮಾಡಿಕೊಳ್ಳಬೇಕು. ಅಪಾಯ ಬಂದರೆ ಕಾಕ್‌ಪಿಟ್ಟಿನ ಕಿಟಕಿಯಿಂದ ಹಗ್ಗ ಹಿಡಿದು ಇಳಿಯಬೇಕು. ಅದನ್ನೂ ಮಾಡಿಸಿದರು. ನಾನು ಇಳಿದೆ ಅನ್ನುವುದಕ್ಕಿಂತ ತಲುಪಿದೆ ಅನ್ನುವುದು ಸರಿ. ಈಜುಕೊಳದಲ್ಲಿ ಲೈಫ್ ಜಾಕೆಟ್ಟಿನ ದಾರ ಎಳೆದಾಗ ಅದು ನನ್ನ ಹೊಟ್ಟೆಗಿಂತ ಮುಂದಕ್ಕೆ ಉಬ್ಬುವುದಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತು. ನಗಬೇಡ.

ಈಗ ನನ್ನ ಜೊತೆಗಾರರ ವಿಷಯ. ಇಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿ, ಕೊನೆಯವರೆಗೂ ಎತ್ತಿನ ಜೋಡಿಯ ಹಾಗೆ ಒಟ್ಟಿಗೇ ಹೂಡುತ್ತಾರೆ. ಒಬ್ಬ ಎಡವಿದರೆ ಇಬ್ಬರೂ ಬಿದ್ದ ಹಾಗೆ. ಇಡೀ ತಂಡದಲ್ಲಿ ನಮ್ಮ ಮಾತು ಆಡುವವರು ನಾವಿಬ್ಬರೇ ಎಂದು ನಮ್ಮನ್ನು ಜೋಡಿ ಮಾಡಿದರು, ಒಳ್ಳೆಯದಾಗಲಿ ಅಂತಲೇ. ಇವರು ಮೊದಲು ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನ ಓಡಿಸುತ್ತಿದ್ದವರು, ನನಗಿಂತ ಸ್ವಲ್ಪ ದೊಡ್ಡವರು, ಬಂಗಾರದಂಥ ಮನುಷ್ಯ. ಕಾಫಿ ಚೆಲ್ಲಿದರೆ ‘ಬಿಡಿ’, ಬಸ್ಸು ತಪ್ಪಿದರೆ ‘ಬಿಡಿ’, ಬಾಗಿಲಿಗೆ ಬೆರಳು ಸಿಕ್ಕಿಕೊಂಡು ಕಣ್ಣಲ್ಲಿ ನೀರು ಬಂದಾಗಲೂ ‘ಬಿಡಿ ಬಿಡಿ, ಏನಾಗಲ್ಲ’. ನಾನು ಅವರಿಗೆ ಬಿಡಿಯಪ್ಪ ಎಂದು ಹೆಸರಿಟ್ಟಿದ್ದೇನೆ. ಅವರಿಗದು ಗೊತ್ತಾದಾಗ ಏನಂದರು ಎಂದು ಬರೆಯಬೇಕಾಗಿಲ್ಲ.

ನನ್ನ ಹಳೆಯ ಕೆಲಸ ನಿನಗೆ ಗೊತ್ತೇ ಇದೆ. ಇಷ್ಟು ವರ್ಷ ಎರಡು ಸೀಟಿನ ಪುಟ್ಟ ವಿಮಾನದಲ್ಲಿ ಹುಡುಗರಿಗೆ ಹಾರಲು ಕಲಿಸಿದವನು. ಹುಡುಗ ಗಾಬರಿಯಾಗಿ ಕಂಟ್ರೋಲನ್ನು ಉಡದ ಹಾಗೆ ಹಿಡಿದುಕೊಂಡರೆ ‘ಬಿಡು!’ ಎಂದು ಗದರುತ್ತಿದ್ದೆ, ಅವನು ಕೈ ತೆಗೆಯುತ್ತಿದ್ದ, ವಿಮಾನ ನನ್ನ ಕೈಗೆ ಬರುತ್ತಿತ್ತು. ಅಂದರೆ ವಿಮಾನದೊಳಗೆ ಆ ಮಾತಿಗೆ ನನ್ನ ಲೆಕ್ಕದಲ್ಲಿ ಒಂದೇ ಅರ್ಥ. ಬಿಡಿಯಪ್ಪನವರ ಲೆಕ್ಕ ಬೇರೆ. ಈ ಎರಡು ಲೆಕ್ಕಗಳು ಒಂದಕ್ಕೊಂದು ಡಿಕ್ಕಿ ಹೊಡೆದದ್ದು ಈ ಮಂಗಳವಾರ, ಸಿಮ್ಯುಲೇಟರಿನಲ್ಲಿ.

ಸಿಮ್ಯುಲೇಟರ್ ಅಂದರೆ ಹೊರಗಿನಿಂದ ಕಾಲು ಬಂದ ನೀರಿನ ಟ್ಯಾಂಕು, ಒಳಗೆ ಹೋದರೆ ಸಾಕ್ಷಾತ್ ವಿಮಾನ. ಹಿಂದೆ ನಮಗೆ ಕಲಿಸುವ ಕ್ಯಾಪ್ಟನ್ ಮೇಡಂ ಕೂತಿರುತ್ತಾರೆ, ಅವರಿಗೆ ನಮ್ಮ ಮಾತು ಬಾರದು, ಎಲ್ಲ ಇಂಗ್ಲಿಷೇ. ಮೂಗಿನ ತುದಿಗೆ ಕನ್ನಡಕ (ನೀನು ನೋಡಿದ್ದರೆ ಮೊದಲು ಅದನ್ನು ಸರಿ ಮಾಡುತ್ತಿದ್ದೆ), ಮುಂದೆ ಒಂದು ಪರದೆ. ಅದನ್ನು ಮುಟ್ಟಿದರೆ ನಮ್ಮ ಎಂಜಿನ್ನಿಗೆ ಬೆಂಕಿ ಬೀಳುತ್ತದೆ. ಅವತ್ತಿನ ನಮ್ಮ ಸರಕು ಹದಿನೆಂಟು ಕುದುರೆ. ನಾನು ಓಡಿಸಬೇಕು, ಬಿಡಿಯಪ್ಪ ಪಕ್ಕದಲ್ಲಿ ಕೂತು ವೇಗವನ್ನು ಕೂಗಿ ಹೇಳಬೇಕು. ನೆಲ ಬಿಟ್ಟೆವೋ ಇಲ್ಲವೋ, ಮೇಡಂ ಪರದೆ ಮುಟ್ಟಿದರು. ಢಮ್ಮೆಂದು ಒಂದು ಎಂಜಿನ್ ಹೋಯಿತು. ನಾನು ಹಲ್ಲು ಕಚ್ಚಿ ವಿಮಾನವನ್ನು ನೇರ ಮಾಡುತ್ತಿದ್ದೇನೆ, ಬಿಡಿಯಪ್ಪ ಗಡಿಬಿಡಿಯಲ್ಲಿ ವೇಗ ಹೇಳುವುದನ್ನೇ ಮರೆತರು. ‘ಸ್ಪೀಡ್ ಹೇಳ್ಲಿಲ್ಲ ನೀವು’ ಅಂದೆ. ಅವರು ಬಹಳ ಸಂಕೋಚದಿಂದ, ಬಹಳ ಸ್ನೇಹದಿಂದ, ‘ಬಿಡಿ, ಬಿಡಿ’ ಅಂದರು.

ನಾನು ಬಿಟ್ಟೆ.

ಪೂರ್ತಿ ಬಿಟ್ಟೆ ಕಣೇ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಪಾದಗಳನ್ನು ಹಿಂದಕ್ಕೆಳೆದುಕೊಂಡು, ಸದ್ಯ ಅನುಭವಸ್ಥರು ತೆಗೆದುಕೊಂಡರಲ್ಲ ಎಂದು ನಿಟ್ಟುಸಿರು ಬೇರೆ ಬಿಟ್ಟೆ. ವಿಮಾನ ಮೆಲ್ಲಗೆ ಒಂದು ಕಡೆ ವಾಲತೊಡಗಿತು. ಹೊಲದ ಮೇಲೆ ಹಾರಿ ಅಭ್ಯಾಸ, ಪಾಪ, ಕೆಳಗೆ ಹೋದರೇ ಅವರಿಗೆ ಸಮಾಧಾನ ಎಂದು ನಾನು ಸುಮ್ಮನಿದ್ದೆ. ಮೇಷ್ಟ್ರಾಗಿದ್ದವರು, ಏನೋ ಹೊಸ ವಿದ್ಯೆ ತೋರಿಸುತ್ತಿರಬೇಕು ಎಂದು ಅವರು ಸುಮ್ಮನಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರೆ. ಇಲ್ಲಿ ಎತ್ತೂ ಎಳೆಯಲಿಲ್ಲ, ಕೋಣವೂ ಎಳೆಯಲಿಲ್ಲ, ಗಾಡಿ ತಾನಾಗಿಯೇ ಸೀದಾ ಕೆರೆಗೆ ಇಳಿಯಿತು. ಪರದೆಯೆಲ್ಲ ಕೆಂಪಾಗಿ ಸಿಮ್ಯುಲೇಟರ್ ನಿಂತಿತು. ಮೇಡಂ ಕನ್ನಡಕದ ಮೇಲಿನಿಂದ ನೋಡಿ ಒಂದೇ ಪ್ರಶ್ನೆ ಕೇಳಿದರು.

‘ಓಡಿಸ್ತಾ ಇದ್ದಿದ್ದು ಯಾರು?’

ನಾನು ಬಿಡಿಯಪ್ಪನವರತ್ತ ಬೆರಳು ತೋರಿಸಿದೆ, ಅವರು ನನ್ನತ್ತ ತೋರಿಸಿದರು. ಇಬ್ಬರೂ ಇಂಗು ತಿಂದ ಮಂಗನ ಹಾಗೆ ಕೂತಿದ್ದೆವು. ಆಮೇಲೆ ತರಗತಿಯಲ್ಲಿ ಎಲ್ಲರೆದುರು ವಿಚಾರಣೆ ನಡೆಯಿತು. ಆ ಪದದ ಅರ್ಥವೇನು ಎಂದು ಮೇಡಂ ಕೇಳಿದರು. ಪರವಾಗಿಲ್ಲ ಅಂತ ಎಂದರು ಬಿಡಿಯಪ್ಪ. ಕೈ ತೆಗೆಯಿರಿ ಅಂತ ಎಂದೆ ನಾನು. ಎರಡಕ್ಕೂ ಒಂದೇ ಪದವಾ ಎಂದು ಅವರು ಬೆರಗಾದರು. ಒಂದೇ, ಇನ್ನೂ ಇವೆ ಎಂದು ನಾವು ಸೇರಿಸಿದೆವು: ಸಾಕು ಅಂತಲೂ ಆಗುತ್ತದೆ, ದಾರಿ ಕೊಡಿ ಅಂತಲೂ ಆಗುತ್ತದೆ, ಇನ್ನು ನಿಮ್ಮ ಹತ್ತಿರ ಮಾತಾಡಿ ಪ್ರಯೋಜನವಿಲ್ಲ ಅಂತಲೂ ಆಗುತ್ತದೆ. ಮೇಡಂ, ‘ಮನೇಲಿ ಗಂಡ ಹೆಂಡ್ತಿ ಇದೇ ಪದ ಇಟ್ಕೊಂಡು ಸಂಸಾರ ಮಾಡ್ತೀರಾ?’ ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಆ ಪ್ರಶ್ನೆಯನ್ನು ಯಾಕೋ ರೂಮಿನವರೆಗೂ ಹೊತ್ತುಕೊಂಡು ಬಂದೆ.

ಮರುದಿನದಿಂದ ನಮಗೆ ಗಿಳಿಪಾಠ. ಕಂಟ್ರೋಲ್ ಕೊಡುವವನು ‘ನಿಮ್ಮದು’ ಅನ್ನಬೇಕು, ತೆಗೆದುಕೊಳ್ಳುವವನು ‘ನನ್ನದು’ ಅನ್ನಬೇಕು, ಕೊಟ್ಟವನು ಮತ್ತೆ ‘ನಿಮ್ಮದು’ ಅನ್ನಬೇಕು. ಅಲ್ಲಿಯವರೆಗೆ ಯಾರೂ ಕೈ ತೆಗೆಯುವಂತಿಲ್ಲ. ಅನುಮಾನ ಬಂದರೆ ನಾಚಿಕೆ ಬಿಟ್ಟು ಬಾಯಿ ತೆರೆದು ಕೇಳಬೇಕು, ಎದುರಿನವರ ಮೌನಕ್ಕೆ ನಮಗೆ ಬೇಕಾದ ಅರ್ಥ ಹಚ್ಚಿಕೊಳ್ಳಬಾರದು. ಈಗ ಊಟದ ಮೇಜಿನಲ್ಲೂ ಉಪ್ಪಿನ ಡಬ್ಬಿ ಹಾಗೇ ಕೈ ಬದಲಾಯಿಸುತ್ತದೆ, ನಿಮ್ಮದು, ನನ್ನದು, ನಿಮ್ಮದು. ಬಡಿಸುವವನಿಗೆ ನಮ್ಮಿಬ್ಬರ ಮೇಲೆ ಅನುಮಾನವಿದೆ. ಆದರೆ ಫಲ ಸಿಕ್ಕಿತು. ನಿನ್ನೆ ಅದೇ ಎಂಜಿನ್ ಕೆಟ್ಟಿತು, ಅದೇ ಕುದುರೆಗಳು. ಈ ಸಲ ಒಂದಕ್ಕೂ ಕೂದಲು ಕೊಂಕದಂತೆ ಇಳಿಸಿದೆವು. ಮೇಡಂ ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. ಈ ಖುಷಿಯನ್ನು ಮೊದಲು ನಿನಗೇ ಹೇಳಬೇಕು ಅನ್ನಿಸಿತು. ರೂಮಿಗೆ ಬಂದರೆ ಇದ್ದದ್ದು ಗೋಡೆಯ ಮೇಲಿನ ಕಾಗದದ ವಿಮಾನ. ನಿನ್ನ ನೆನಪು ಬಹಳ ಆಗುತ್ತದೆ, ಇದರಲ್ಲಿ ಮುಚ್ಚುಮರೆ ಏನು.

ಅತ್ತೆಯವರಿಗೆ ನಮಸ್ಕಾರ ತಿಳಿಸು, ಮಂಡಿಗೆ ಬಿಸಿನೀರಿನ ಶಾಖ ಕೊಡುತ್ತಿರು. ಚಿನಕುರಳಿಗೆ, ಹಲ್ಲು ಬಿದ್ದಿದ್ದರೆ ಆ ಕಿಂಡಿಗೊಂದು, ಬೀಳದಿದ್ದರೆ ಕೆನ್ನೆಗೊಂದು ಮುತ್ತು. ಬೆಕ್ಕಿಗೂ ನಾನು ಕೇಳಿದೆ ಎಂದು ಹೇಳಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ನಡುನಡುವೆ ತಲೆಯೆತ್ತಿ ಕತ್ತು ತಿರುಗಿಸು.

ಇಂತಿ ನಿನ್ನ,
ಆಕಾಶದ ಲಾರಿಯವನು

ತಾ.ಕ.: ಬಿಡಿಯಪ್ಪ ಕೆಳಗೆ ಟ್ಯಾಕ್ಸಿಯಲ್ಲಿ ಹಾರ್ನ್ ಹೊಡೆಸುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮಂಗಳವಾರದಿಂದ ಒಂದು ಮಾತು ತಲೆ ತಿನ್ನುತ್ತಿದೆ. ಅವತ್ತು ಅಂಗಡಿಯಲ್ಲಿ ದೂರದ ಊರಿಗೆ ಹೋಗೋಣವಾ ಎಂದು ನಾನು ಕೇಳಿದಾಗ ನೀನು ‘ಬಿಡಿ’ ಅಂದದ್ದು ಯಾವ ಬಿಡಿ? ಪರವಾಗಿಲ್ಲ ಬಿಡಿ, ಹೋಗೋಣ ಅಂತ ತಿಳಿದು ನಾನು ಕುಣಿದಾಡಿಕೊಂಡು ಪೆಟ್ಟಿಗೆ ಕಟ್ಟಿದೆ. ಆ ಊರಿನ ಆಸೆ ಬಿಡಿ ಅಂತಲೂ ಇರಬಹುದಲ್ಲ? ಇನ್ನೊಂದು ಈಗ ತಾನೇ ಹೊಳೆಯಿತು. ಆಗ ನೀನು ಯಾರದೋ ಕನ್ನಡಕಕ್ಕೆ ತಿರುಪು ಬಿಗಿಯುತ್ತಿದ್ದೆ, ಅದರ ಇನ್ನೊಂದು ಕಾಲನ್ನು ನಾನು ಹಿಡಿದುಕೊಂಡಿದ್ದೆ. ತಿರುಪು ಕೂತಿತು, ನೀನು ‘ಬಿಡಿ’ ಅಂದೆ, ನಾನು ಕನ್ನಡಕವನ್ನೂ ಬಿಟ್ಟೆ. ನೀನು ಹೇಳಿದ್ದು ಅಷ್ಟೇನಾ? ಹಾಗಿದ್ದರೆ ನೀನು ಇವತ್ತಿನವರೆಗೂ ನನಗೆ ಉತ್ತರವನ್ನೇ ಕೊಟ್ಟಿಲ್ಲ ಕಣೇ, ನಾನೇ ಕೇಳಿ ನಾನೇ ಒಪ್ಪಿಕೊಂಡು ಬಂದಿದ್ದೇನೆ. ಫೋನಿನಲ್ಲಿ ಕೇಳೋಣವೆಂದರೆ ‘ಅಯ್ಯೋ ಬಿಡಿ’ ಅಂದುಬಿಡುತ್ತೀಯ ಅಂತ ಭಯ. ಸೋಮವಾರ ಬೆಳಿಗ್ಗೆ ಬಿಡಿಯಪ್ಪ ವಾಪಸು ಬರುತ್ತಾರೆ, ಅವರು ಬರುವವರೆಗೆ ನಾನು ಯಾವ ಊರಿನ ಹೆಸರನ್ನೂ ಬಾಯಿಬಿಡುವುದಿಲ್ಲ. ಅವರ ಕೈಯಲ್ಲಿ ಎರಡು ಸಾಲು ಬರೆದು ಕಳಿಸು. ಹೋಗೋಣ ಅಂತ ಬರೆ, ಅಂಗಡಿ ಬಿಟ್ಟು ಬರಲ್ಲ ಅಂತ ಬರೆ, ನನ್ನನ್ನು ಚೆನ್ನಾಗಿ ಬೈದು ಬರೆ, ನೀನು ಹೇಳಿದ ಹಾಗೇ ಆಗಲಿ. ಆ ಒಂದು ಪದ ಮಾತ್ರ ಬರೆಯಬೇಡ.